ಮನೆಗೊಂದು ಹ್ಯಾಂಡಿಕ್ಯಾಮ್: ದೂರ, ಹೊತ್ತು, ದನಿ ನೋಡಿ ಆರಿಸಿ

ಶಾಲೆಯ ವಾರ್ಷಿಕೋತ್ಸವ. ಮಕ್ಕಳ ಡ್ಯಾನ್ಸ್ ಶುರುವಾದ ಕೂಡಲೇ ಸಭಾಂಗಣದ ತುಂಬ ಮೊಬೈಲ್‌ಗಳು ಮೇಲೇಳುತ್ತವೆ. ಮನೆಗೆ ಬಂದು ಟಿವಿಗೆ ಹಾಕಿ ನೋಡಿದರೆ ಅರ್ಧ ಪರದೆಯಲ್ಲಿ ಮುಂದೆ ಕೂತವರ ತಲೆ, ಉಳಿದರ್ಧದಲ್ಲಿ ಬೆಳ್ಳಗೆ ಉರಿಯುವ ವೇದಿಕೆ. ಅದರಲ್ಲಿ ನಮ್ಮ ಮಗು ಯಾವುದು ಅಂತ ಅಜ್ಜಿಗೆ ಬೆರಳಿಟ್ಟು ತೋರಿಸಬೇಕು. ಇನ್ನು ಮುಖ್ಯವಾದ ಹೊತ್ತಿಗೇ ಫೋನು ಬಂದರೆ, ಅಥವಾ ಜಾಗ ಸಾಲದೆ ರೆಕಾರ್ಡಿಂಗ್ ನಿಂತರೆ ಅಲ್ಲಿಗೆ ಮುಗಿಯಿತು.

ಇಂಥ ಹೊತ್ತಲ್ಲೇ ‘ಒಂದು ಹ್ಯಾಂಡಿಕ್ಯಾಮ್ ತಗೊಂಡರೆ ಹೇಗೆ?’ ಅನ್ನೋ ಮಾತು ಬರುತ್ತದೆ. ಹ್ಯಾಂಡಿಕ್ಯಾಮ್ ಅಂದರೆ ಕೈಯಲ್ಲಿ ಹಿಡಿದು ವಿಡಿಯೊ ತೆಗೆಯಲೆಂದೇ ಇರುವ ಕ್ಯಾಮೆರಾ, ಕ್ಯಾಮ್‌ಕಾರ್ಡರ್ ಅಂತಲೂ ಕರೆಯುತ್ತಾರೆ. ತಗೊಳ್ಳಬಹುದು. ಆದರೆ ಅಂಗಡಿಯವರು ಹೇಳುವ ಮೆಗಾಪಿಕ್ಸೆಲ್ ಲೆಕ್ಕ ನೋಡಿ ಅಲ್ಲ. ಫೋನಿಗೆ ಚೆನ್ನಾಗಿ ಆಗದ ಮೂರು ಕೆಲಸಗಳನ್ನು ಅದು ಮಾಡುತ್ತದಾ ಅಂತ ನೋಡಿ: ದೂರದ್ದನ್ನು ಹತ್ತಿರ ತರುವುದು, ತುಂಬ ಹೊತ್ತು ನಿಲ್ಲದೆ ಓಡುವುದು, ದನಿಯನ್ನು ಸರಿಯಾಗಿ ಹಿಡಿಯುವುದು.

ಮೊದಲು: ನಿಜಕ್ಕೂ ಬೇಕಾ?

ಮನೆಯೊಳಗೆ ಮಗು ಅಂಬೆಗಾಲಿಡುವುದು, ಹುಟ್ಟುಹಬ್ಬದ ಕೇಕು, ಪ್ರವಾಸದಲ್ಲಿ ಅರ್ಧ ನಿಮಿಷದ ತುಣುಕು, ಇಷ್ಟೇ ಬೇಕಿದ್ದರೆ ಕೈಯಲ್ಲಿರುವ ಫೋನೇ ಸಾಕು. ಒಂದೇ ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಂತೂ ಒಳ್ಳೆಯ ಫೋನು ಕಡಿಮೆ ಬೆಲೆಯ ಕ್ಯಾಮ್‌ಕಾರ್ಡರ್‌ಗಿಂತ ಚೆನ್ನಾಗಿ ತೆಗೆಯುತ್ತದೆ. ಕಾರಣ ಸರಳ. ಬೆಳಕನ್ನು ಹಿಡಿಯುವ ಸೆನ್ಸರ್ ಅಗ್ಗದ ಕ್ಯಾಮ್‌ಕಾರ್ಡರ್‌ಗಳಲ್ಲಿ ತೀರಾ ಚಿಕ್ಕದು. ಸೋನಿಯ ಸಿಎಕ್ಸ್405 ಅನ್ನುವ ಮಾದರಿಯಲ್ಲಿ ಅದರ ಅಳತೆ 1/5.8 ಇಂಚು. ದುಬಾರಿ ಫೋನ್‌ಗಳ ಮುಖ್ಯ ಕ್ಯಾಮೆರಾದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಸೆನ್ಸರ್ ಇರುತ್ತದೆ. ಮೇಲಿಂದ ಫೋನು ಒಳಗೇ ಲೆಕ್ಕ ಹಾಕಿ ಚಿತ್ರವನ್ನು ತಿದ್ದುತ್ತದೆ.

ಹಾಗಾದರೆ ಯಾರಿಗೆ ಬೇಕು? ಮಗಳ ಭರತನಾಟ್ಯ, ಮಗನ ಕಬಡ್ಡಿ ಪಂದ್ಯ, ಊರಿನ ಯಕ್ಷಗಾನ, ಮನೆಯ ಮದುವೆ, ಮುಂಜಿ, ಅಜ್ಜ ಒಂದು ಗಂಟೆ ಕೂತು ಹೇಳುವ ಹಳೇ ಕತೆ, ಇವನ್ನೆಲ್ಲ ಇಡಿಯಾಗಿ ತೆಗೆದಿಡಬೇಕು ಅನ್ನುವವರಿಗೆ.

ಝೂಮ್: ‘ಆಪ್ಟಿಕಲ್’ ಅನ್ನೋ ಪದ ಹುಡುಕಿ

ಡಬ್ಬಿಯ ಮೇಲೆ ಎರಡು ಝೂಮ್ ಸಂಖ್ಯೆ ಬರೆದಿರುತ್ತಾರೆ. ಅದರಲ್ಲಿ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಡಿಜಿಟಲ್ ಝೂಮ್. ಅದನ್ನು ಮರೆತುಬಿಡಿ. ಅದು ಇರುವ ಚಿತ್ರವನ್ನೇ ಎಳೆದು ಹಿಗ್ಗಿಸುತ್ತದೆ, ಹೊಸದಾಗಿ ಏನನ್ನೂ ಕಾಣಿಸುವುದಿಲ್ಲ. ಆಪ್ಟಿಕಲ್ ಝೂಮ್ ಮಾತ್ರ ಲೆನ್ಸಿನ ಗಾಜುಗಳನ್ನು ಸರಿಸಿ ದೂರದ್ದನ್ನು ನಿಜವಾಗಿ ಹತ್ತಿರ ತರುತ್ತದೆ.

ಎಷ್ಟು ಇರಬೇಕು? 20ರಿಂದ 30 ಪಟ್ಟು ಇದ್ದರೆ ಮನೆ ಬಳಕೆಗೆ ಧಾರಾಳ. 30 ಪಟ್ಟು ಅಂದರೆ ಏನು ಅಂತ ಲೆಕ್ಕ ಹಾಕೋಣ. ನೀವು ವೇದಿಕೆಯಿಂದ ನೂರು ಅಡಿ ದೂರ ಕೂತಿದ್ದೀರಿ. ಸಿಎಕ್ಸ್405ನಂಥ ಕ್ಯಾಮೆರಾದಲ್ಲಿ ಝೂಮನ್ನು ಪೂರ್ತಿ ಎಳೆದರೆ ಚೌಕಟ್ಟಿನೊಳಗೆ ಸುಮಾರು ನಾಲ್ಕೂವರೆ ಅಡಿ ಅಗಲದ ಜಾಗ ಮಾತ್ರ ಬರುತ್ತದೆ. ಒಬ್ಬ ಹುಡುಗಿ, ತಲೆಯಿಂದ ಸೊಂಟದವರೆಗೆ, ಕಣ್ಣಿನ ಕಾಡಿಗೆ ಸಹಿತ. ಹಿಂದಿನ ಸಾಲಿನಿಂದ ಇದಕ್ಕಿಂತ ಹೆಚ್ಚು ಬೇಕಾ?

ಆದರೆ ಅಷ್ಟು ಎಳೆದಾಗ ಉಸಿರಾಡಿದರೂ ಚಿತ್ರ ಅಲುಗುತ್ತದೆ. ಅದಕ್ಕೆ ಎರಡು ಬೇಕು. ಒಂದು, ಲೆನ್ಸ್ ಒಳಗೇ ಅಲುಗಾಟ ತಡೆಯುವ ಆಪ್ಟಿಕಲ್ ಸ್ಟೆಬಿಲೈಸೇಶನ್. ಬರೀ ಎಲೆಕ್ಟ್ರಾನಿಕ್ ಅಂತಿದ್ದರೆ ಅದು ಚಿತ್ರದ ಅಂಚು ಕತ್ತರಿಸಿ ಸರಿದೂಗಿಸುತ್ತದೆ, ಇಷ್ಟು ಝೂಮಿಗೆ ಸಾಲದು. ಇನ್ನೊಂದು, ಟ್ರೈಪಾಡ್, ಅಂದರೆ ಮೂರು ಕಾಲಿನ ಸ್ಟ್ಯಾಂಡು. ಹಗುರದ್ದೇ ಸಾಕು. ಅದರ ತಲೆ ಎಡಬಲಕ್ಕೆ ಜರ್ಕು ಹೊಡೆಯದೆ ತಿರುಗಬೇಕು, ಅಷ್ಟೇ.

ಅಗಲದ ಕಡೆಯನ್ನೂ ಮರೆಯಬೇಡಿ. ನಮ್ಮ ಮನೆಗಳ ದೇವರಕೋಣೆಯಲ್ಲಿ ಹಿಂದಕ್ಕೆ ಸರಿಯಲು ಗೋಡೆ ಬಿಡುವುದಿಲ್ಲ. ವಿವರಗಳ ಪಟ್ಟಿಯಲ್ಲಿ ‘35 ಎಂಎಂ ಲೆಕ್ಕದಲ್ಲಿ’ ಅಂತ ಕೊಟ್ಟಿರುವ ಮೊದಲ ಸಂಖ್ಯೆ 28 ಅಥವಾ ಅದಕ್ಕಿಂತ ಕಡಿಮೆ ಇರಲಿ. ಅದು ಕಡಿಮೆಯಾದಷ್ಟೂ ಹೆಚ್ಚು ಅಗಲ ಕಾಣುತ್ತದೆ. ಪೂಜೆಗೆ ಕೂತ ದಂಪತಿ, ಪುರೋಹಿತರು ಮೂವರೂ ಒಂದೇ ಚೌಕಟ್ಟಿನಲ್ಲಿ ಬರುತ್ತಾರೆ.

4ಕೆ ಬೇಕಾ?

4ಕೆ ಅಂದರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕೆಗಳಿರುವ ವಿಡಿಯೊ. ಫುಲ್ ಎಚ್‌ಡಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮನೆಯ ಟಿವಿಯಲ್ಲಿ ಹತ್ತು ಅಡಿ ದೂರ ಕೂತು ನೋಡುವಾಗ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಕಾರ್ಡು ತುಂಬುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ! ಸೆಕೆಂಡಿಗೆ 28 ಮೆಗಾಬಿಟ್ (8 ಮೆಗಾಬಿಟ್ ಅಂದರೆ 1 ಎಂಬಿ) ವೇಗದ ಫುಲ್ ಎಚ್‌ಡಿಗೆ ಗಂಟೆಗೆ 12–13 ಜಿಬಿ ಬೇಕು. 64 ಜಿಬಿ ಕಾರ್ಡಿನಲ್ಲಿ ಹೆಚ್ಚುಕಮ್ಮಿ ಐದು ಗಂಟೆ. ಅದೇ 100 ಮೆಗಾಬಿಟ್‌ನ 4ಕೆ ಆದರೆ ಗಂಟೆಗೆ 45 ಜಿಬಿ. ಅಂದರೆ ಮಾಂಗಲ್ಯಧಾರಣೆಯಿಂದ ಊಟದ ಪಂಕ್ತಿಗೆ ಬರುವಷ್ಟರಲ್ಲಿ ಕಾರ್ಡು ಮುಗಿದಿರುತ್ತದೆ.

ಬಜೆಟ್ ಇದೆ, ಮುಂದೆ ಎಡಿಟ್ ಮಾಡುವ ಆಸೆಯೂ ಇದೆ ಅಂದರೆ ಸೋನಿಯ ಎಎಕ್ಸ್43ರಂಥ 4ಕೆ ಕ್ಯಾಮೆರಾ ನೋಡಬಹುದು. ಅದರ ಝೂಮ್ 20 ಪಟ್ಟು, ಸೆನ್ಸರ್ ದೊಡ್ಡದು, ಅಲುಗಾಟ ತಡೆಯುವುದರಲ್ಲಿ ಗಟ್ಟಿಗ.

ಆನ್‌ಲೈನಿನಲ್ಲಿ ಒಂದು ಬಲೆ ಇದೆ, ಹುಷಾರು. ಹೆಸರೇ ಕೇಳಿರದ ಕಂಪನಿಯ ಕ್ಯಾಮ್‌ಕಾರ್ಡರ್, ‘4ಕೆ, 48 ಮೆಗಾಪಿಕ್ಸೆಲ್, 18 ಪಟ್ಟು ಝೂಮ್’, ಜೊತೆಗೆ ಮೈಕು, ರಿಮೋಟು, ಹಿಡಿಕೆ, ವೈಡ್ ಲೆನ್ಸು, ಎಲ್ಲ ಸೇರಿ ಅರ್ಧ ಬೆಲೆಗೆ. ಚಿತ್ರದಲ್ಲಿ ಲೆನ್ಸು ಭಾರೀ ದೊಡ್ಡದು ಕಾಣುತ್ತದೆ. ಅದು ಮುಂದೆ ತಿರುಗಿಸಿ ಹಾಕಿದ ಬಿಡಿ ಗಾಜು. ಅದನ್ನು ಬಿಚ್ಚಿದರೆ ಒಳಗೆ ಕಡಲೆಕಾಳಿನಷ್ಟು ಲೆನ್ಸ್ ಇರುತ್ತದೆ. ಇಂಥವುಗಳಲ್ಲಿ ಆಪ್ಟಿಕಲ್ ಝೂಮ್ ಸಾಮಾನ್ಯವಾಗಿ ಇರುವುದೇ ಇಲ್ಲ. ವಿವರದಲ್ಲಿ ‘ಆಪ್ಟಿಕಲ್’ ಪದ ಕಾಣದಿದ್ದರೆ ಮುಂದಕ್ಕೆ ಹೋಗಿ.

ದನಿ: ಯಾರೂ ಕೇಳದ ಪ್ರಶ್ನೆ

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎರಡನೇ ಸಲ ಆ ವಿಡಿಯೊ ಹಾಕುವುದೇ ಇಲ್ಲ. ಆದರೂ ಅಂಗಡಿಯಲ್ಲಿ ಮೈಕಿನ ಬಗ್ಗೆ ಕೇಳುವವರು ಕಡಿಮೆ.

ಕ್ಯಾಮೆರಾದ ಬದಿಯ ಮುಚ್ಚಳ ತೆಗೆದು ನೋಡಿ. ಹೊರಗಿನ ಮೈಕ್ ಸಿಕ್ಕಿಸುವ 3.5 ಎಂಎಂ ತೂತು ಇದೆಯಾ? ಹೆಡ್‌ಫೋನಿಗೆ ಇನ್ನೊಂದು ಇದ್ದರೆ ಇನ್ನೂ ಒಳ್ಳೆಯದು. ಎಎಕ್ಸ್43ರಲ್ಲಿ ಎರಡೂ ಇವೆ. ಸಿಎಕ್ಸ್405ನಲ್ಲಿ ಮೈಕಿನ ತೂತು ಇಲ್ಲ. ಅಜ್ಜನ ಕತೆ ತೆಗೆಯುವುದೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಈ ಒಂದು ತೂತಿಗಾಗಿ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್ ಹಾಕಿದರೆ ಫ್ಯಾನಿನ ಸದ್ದು, ಬೀದಿಯ ಹಾರ್ನು ಹಿಂದೆ ಸರಿದು ಅಜ್ಜನ ದನಿ ಮುಂದೆ ಬರುತ್ತದೆ.

ಯಕ್ಷಗಾನ ತೆಗೆಯುವವರಿಗೆ ಬೇರೆಯೇ ತಾಪತ್ರಯ. ಕ್ಯಾಮೆರಾ ತಾನಾಗಿಯೇ ದನಿಯ ಮಟ್ಟ ಏರಿಸಿ ಇಳಿಸುತ್ತಿರುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಅದು ಬೆಚ್ಚಿ ಮಟ್ಟ ತಗ್ಗಿಸುತ್ತದೆ. ಆ ಹೊಡೆತ ನಿಂತು ಭಾಗವತರು ಪದ ಎತ್ತುವಾಗ ಮೊದಲ ಸಾಲು ಅಡಗಿಹೋಗಿ, ಆಮೇಲೆ ನಿಧಾನಕ್ಕೆ ಮೇಲೇಳುತ್ತದೆ. ಮೆನುವಿನಲ್ಲಿ ಮೈಕ್ ಮಟ್ಟವನ್ನು ಕೈಯಾರೆ ಇಡುವ, ಇಲ್ಲವೇ ‘ಲೋ’ ಮಾಡುವ ಸೌಲಭ್ಯ ಇದ್ದರೆ ಈ ಕಾಟ ತಪ್ಪುತ್ತದೆ. ಧ್ವನಿವರ್ಧಕದ ಎದುರಿಗೇ ಕೂರದಿದ್ದರೆ ಇನ್ನೂ ಒಳಿತು.

ವೇದಿಕೆಯ ಬೆಳಕಿನ ಮಾತು ಬಂತು. ಹಿನ್ನೆಲೆ ಕತ್ತಲು, ವೇಷದ ಮೇಲೆ ದೀಪ. ಕ್ಯಾಮೆರಾ ಕತ್ತಲನ್ನು ನೋಡಿ ಬೆಳಕು ಏರಿಸುತ್ತದೆ, ಮುಖವೆಲ್ಲ ಬಿಳಿಚುತ್ತದೆ. ಅನೇಕ ಹ್ಯಾಂಡಿಕ್ಯಾಮ್‌ಗಳಲ್ಲಿ ಇದಕ್ಕೆಂದೇ ‘ಸ್ಪಾಟ್‌ಲೈಟ್’ ಅನ್ನುವ ಆಯ್ಕೆ ಇರುತ್ತದೆ. ಇದೆಯಾ ಅಂತ ಕೇಳಿ.

ಅಮೆರಿಕದಿಂದ ಬರುವ ಕ್ಯಾಮೆರಾ

‘ಅಲ್ಲಿ ಅಗ್ಗ, ಭಾವ ಬರುವಾಗ ತರ್ತಾನೆ’. ಈ ಯೋಚನೆ ಬಹಳ ಮನೆಗಳಲ್ಲಿ ಇರುತ್ತದೆ. ತರಿಸುವ ಮುಂಚೆ ಒಂದು ವಿಷಯ ತಿಳಿದಿರಲಿ. ನಮ್ಮ ಕರೆಂಟು 50 ಹರ್ಟ್ಸ್. ಇಲ್ಲಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದು. ಅಮೆರಿಕದ ಕರೆಂಟು 60 ಹರ್ಟ್ಸ್, ಅಲ್ಲಿನ ಕ್ಯಾಮೆರಾ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಎರಡರ ತಾಳ ಕೂಡದೆ ವಿಡಿಯೊದಲ್ಲಿ ಬೆಳಕು ಮಿಡಿಯುತ್ತದೆ, ಇಲ್ಲವೇ ಕಪ್ಪು ಪಟ್ಟಿ ನಿಧಾನವಾಗಿ ಹರಿಯುತ್ತದೆ.

ಇಲ್ಲಿ ಮಾರುವ ಕ್ಯಾಮೆರಾ 50 ಫ್ರೇಮ್‌ನದು. ಸಮಸ್ಯೆ ಇಲ್ಲ. ಅನೇಕ ಫೋನು, ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಮೆನುವಿನಲ್ಲೇ ಬದಲಿಸಿಕೊಳ್ಳಬಹುದು. ಎಷ್ಟೋ ಕ್ಯಾಮ್‌ಕಾರ್ಡರ್‌ಗಳಲ್ಲಿ ಮಾತ್ರ ಮಾರಾಟವಾದ ದೇಶದ ಲೆಕ್ಕಕ್ಕೇ ಬೀಗ ಹಾಕಿರುತ್ತಾರೆ. ಆಗಲೇ ಬಂದು ಕೂತಿದೆ ಅಂದರೆ, ಶಟರ್ ವೇಗವನ್ನು (ಒಂದೊಂದು ಫ್ರೇಮಿಗೂ ಬೆಳಕು ಹಿಡಿಯುವ ಹೊತ್ತು) ಕೈಯಾರೆ 1/100 ಸೆಕೆಂಡಿಗೆ ಇಡಲು ಆಗುತ್ತಾ ನೋಡಿ, ಮಿಣುಕು ಬಹುಪಾಲು ಹೋಗುತ್ತದೆ. ವಾರಂಟಿಯೂ ಅಲ್ಲಿಯದೇ ಇರಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ.

ಇಲ್ಲೇ ಕೊಳ್ಳುವಾಗಲೂ ಡಬ್ಬಿ ತಿರುಗಿಸಿ ನೋಡಿ. ಆಮದು ಸರಕಾದರೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಿರಬೇಕು. ಅದು ಕಾನೂನು. ಚೀಟಿ ಇಲ್ಲ, ಬಿಲ್ಲೂ ಬೇಡ, ಎರಡು ಸಾವಿರ ಕಮ್ಮಿ ಮಾಡ್ತೀನಿ ಅಂದರೆ ಸುಮ್ನೆ ಎದ್ದು ಬನ್ನಿ.

ಬ್ಯಾಟರಿ ಮತ್ತು ಕಾರ್ಡು

ಕಂಪನಿ ಹೇಳುವ ‘ನಿರಂತರ ರೆಕಾರ್ಡಿಂಗ್’ ಹೊತ್ತಿನ ಅರ್ಧ ಹಿಡಿಯಿರಿ. ಝೂಮ್, ಆನ್-ಆಫ್, ಪರದೆ ತೆರೆದಿಡುವುದು ಎಲ್ಲ ಬ್ಯಾಟರಿ ತಿನ್ನುತ್ತವೆ. ಬ್ಯಾಟರಿ ಹಿಂದುಗಡೆ ಹೊರಗೆ ಕೂರುವ ಮಾದರಿಯಾದರೆ ಮುಂದೆ ದೊಡ್ಡದನ್ನು ಹಾಕಿಕೊಳ್ಳಬಹುದು. ಒಳಗೆ ಕೂರುವಂಥದ್ದಾದರೆ ಅಷ್ಟೇ ಗಾತ್ರದ್ದನ್ನೇ ಎರಡು ಇಟ್ಟುಕೊಳ್ಳಬೇಕು. ಗೋಡೆಯ ಪ್ಲಗ್ಗಿಗೆ ಹಾಕಿಕೊಂಡೇ ರೆಕಾರ್ಡ್ ಆಗುತ್ತದಾ ಅಂತಲೂ ವಿಚಾರಿಸಿ. ಆದರೂ ಬ್ಯಾಟರಿ ಕಳಚಬೇಡಿ, ನಮ್ಮ ಕರೆಂಟಿನ ಭರವಸೆ ಗೊತ್ತಲ್ವಾ?

ಮೆಮೊರಿ ಕಾರ್ಡಿನ ಮೇಲೆ ಯು3 ಅಥವಾ ವಿ30 ಅಂತ ಬರೆದಿರುವುದನ್ನೇ ತಗೊಳ್ಳಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅದರರ್ಥ, 4ಕೆಗೂ ಸಾಕು. ನಕಲಿ ಕಾರ್ಡು ಬೇಕಾದಷ್ಟಿವೆ. 128 ಜಿಬಿ ಅಂತ ತೋರಿಸಿ, ಒಳಗೆ ಅದರ ಕಾಲುಭಾಗವೂ ಇಲ್ಲದವು. ತುಂಬಿದ ಮೇಲೆ ಬರೆದದ್ದೆಲ್ಲ ಕಸ. ಹೊಸ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ತಂತ್ರಾಂಶದಲ್ಲಿ ಒಮ್ಮೆ ಪೂರ್ತಿ ತುಂಬಿಸಿ ಪರೀಕ್ಷಿಸಿ. ಮದುವೆಯ ಹಿಂದಿನ ದಿನವಲ್ಲ, ಕೊಂಡ ದಿನವೇ.

ಕ್ಯಾಮೆರಾ ಎಂಪಿ4 ರೂಪದಲ್ಲಿ ಉಳಿಸುತ್ತದಾ ನೋಡಿಕೊಳ್ಳಿ. ಎವಿಸಿಎಚ್‌ಡಿ ಅನ್ನುವ ಇನ್ನೊಂದು ರೂಪ ಮಾತ್ರ ಇದ್ದರೆ ಉದ್ದದ ರೆಕಾರ್ಡಿಂಗ್ 2 ಅಥವಾ 4 ಜಿಬಿ ತುಂಡುಗಳಾಗಿ, ಫೋಲ್ಡರಿನೊಳಗೆ ಫೋಲ್ಡರಿನಲ್ಲಿ ಕೂತಿರುತ್ತದೆ. ಕಾಪಿ ಮಾಡುವಾಗ ಇಡೀ ಫೋಲ್ಡರನ್ನೇ ಎತ್ತಿಕೊಳ್ಳಿ.

ಅಂಗಡಿಯಲ್ಲಿ ಹತ್ತು ನಿಮಿಷ

ನಿಮ್ಮದೇ ಕಾರ್ಡು ತಗೊಂಡು ಹೋಗಿ. ಕ್ಯಾಮೆರಾದ ಬದಿಯ ಪಟ್ಟಿಯೊಳಗೆ ಕೈ ತೂರಿಸಿ ಹಿಡಿಯಿರಿ. ಹೆಬ್ಬೆರಳು ಸಲೀಸಾಗಿ ರೆಕಾರ್ಡ್ ಗುಂಡಿಗೆ, ತೋರುಬೆರಳು ಝೂಮ್ ಲಿವರಿಗೆ ಸಿಗಬೇಕು. ಮನೆಯವರ ಕೈಗೂ ಕೊಡಿ, ಬಳಸುವವರು ಅವರೇ ಆಗಿರಬಹುದು. ಬಾಗಿಲಲ್ಲಿ ನಿಂತು ಎದುರು ಸಾಲಿನ ಬೋರ್ಡಿನ ಚಿಕ್ಕ ಅಕ್ಷರಕ್ಕೆ ಪೂರ್ತಿ ಝೂಮ್ ಮಾಡಿ, ಹತ್ತು ಎಣಿಸುವವರೆಗೆ ಹಿಡಿದು ನಿಲ್ಲಿ. ಅಲ್ಲಿಂದ ನಿಲ್ಲಿಸದೆ ಒಳಗೆ ನಡೆದು ಬಂದು ಅಂಗಡಿಯ ಕತ್ತಲು ಮೂಲೆಗೆ ತಿರುಗಿಸಿ. ನಡುವೆ ನಾಲ್ಕು ಮಾತಾಡಿ. ಮಾತಿಲ್ಲದಾಗ ಝೂಮ್ ಲಿವರ್ ಒತ್ತಿ, ಅದರ ಗರಗರ ಸದ್ದು ರೆಕಾರ್ಡ್ ಆಗುತ್ತದಾ ಅಂತ ಗಮನಿಸಿ.

ಅಲ್ಲೇ ಚಿಕ್ಕ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಅದರಲ್ಲಿ ಎಲ್ಲವೂ ಚೆಂದವೇ. ಆ ಕಾರ್ಡನ್ನು ಮನೆಗೆ ತಂದು ಟಿವಿಯಲ್ಲಿ ನೋಡಿ, ಆಮೇಲೆ ಕ್ಯಾಮೆರಾ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಟಾರ್ಚಿನ ಬೆಳಕನ್ನು ಲೆನ್ಸಿಗೆ ಓರೆಯಾಗಿ ಬಿಡಿ. ಒಳಗೆ ಜೇಡರಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಮೆರಾಗಳಲ್ಲಿ ಇದು ಮಾಮೂಲು. ಟೇಪ್ ಹಾಕುವ ಹಳೆ ಮಿನಿಡಿವಿ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತು ಅಂತ ದಿನಬಳಕೆಗೆ ತರಬೇಡಿ. ಅದರಿಂದ ವಿಡಿಯೊ ಇಳಿಸಿಕೊಳ್ಳಲು ಬೇಕಾದ ಫೈರ್‌ವೈರ್ ಕಿಂಡಿ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಮನೆಯ ಅಟ್ಟದಲ್ಲೇ ಅಂಥದ್ದೊಂದು ಟೇಪುಗಳ ಸಮೇತ ಇದ್ದರೆ ಮಾತ್ರ ಗುಜರಿಗೆ ಹಾಕಬೇಡಿ. ಆ ಟೇಪು ಓಡಿಸಲು ಅದೇ ಬೇಕು.

ಹೊಸದು ಮನೆಗೆ ಬಂದ ಮೇಲೆ ತಾರೀಕು, ಸಮಯ ಸರಿಮಾಡಿ. ಬದಲಿ ಕೊಡುವ ಗಡುವಿನೊಳಗೆ ಬ್ಯಾಟರಿ ಪೂರ್ತಿ ಮುಗಿಯುವ ತನಕ ಒಮ್ಮೆ ಒಂದೇ ಸಮನೆ ರೆಕಾರ್ಡ್ ಮಾಡಿ ನೋಡಿ, ಬಿಸಿಯಾಗಿ ನಿಲ್ಲುತ್ತದಾ, ನಡುವೆ ಫೈಲು ತುಂಡಾದಲ್ಲಿ ಮಾತು ನುಂಗುತ್ತದಾ ಎಲ್ಲ ಗೊತ್ತಾಗುತ್ತದೆ. ಮಳೆಗಾಲಕ್ಕೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ತಿಂಗಳಿಗೊಮ್ಮೆ ಹೊರತೆಗೆದು ಸ್ವಲ್ಪ ಹೊತ್ತು ಓಡಿಸಿ, ಬ್ಯಾಟರಿ ಅರ್ಧದಷ್ಟು ಚಾರ್ಜ್ ಇಟ್ಟು ಕಳಚಿಡಿ.