ಒಂದು ಹಾಳೆ, ಎಂಟು ಚೀಟಿ: ನೋಟಿಸ್ ಬೋರ್ಡಿನಿಂದ ನಾನು ಕಲಿತದ್ದು

ಮನೆ ಬಾಗಿಲಿಗೇ ಹೋಗಿ ಸೈಕಲ್ ರಿಪೇರಿ ಮಾಡಿಕೊಡುವುದು ನನ್ನ ಕೆಲಸ. ಶುರು ಮಾಡಿದಾಗ ಜಾಹೀರಾತಿಗೆ ಅಂತ ಕೈಯಲ್ಲಿ ದುಡ್ಡಿರಲಿಲ್ಲ. ಒಂದು ಎ4 ಹಾಳೆ ಮುದ್ರಿಸಿ, ಲೈಬ್ರರಿ, ಪಾರ್ಕಿನ ಗೇಟು, ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ, ಹೀಗೆ ಆರು ಕಡೆ ಒಪ್ಪಿಗೆ ಕೇಳಿ ಹಾಕಿದೆ. ಮೂರು ವಾರ ಕಳೆದರೂ ಒಂದೇ ಒಂದು ಫೋನ್ ಬರಲಿಲ್ಲ.

ನಾಲ್ಕನೇ ವಾರ ಲೈಬ್ರರಿಯ ಬೋರ್ಡಿನ ಎದುರು ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಜನ ಏನು ಮಾಡುತ್ತಾರೆ ಅಂತ ಸುಮ್ನೆ ನೋಡಿದೆ. ಯಾರೂ ನಿಲ್ಲುತ್ತಿರಲಿಲ್ಲ. ನಡೆಯುತ್ತಲೇ ಬೋರ್ಡಿನ ಕಡೆ ಒಂದು ಸಲ ಕಣ್ಣು ಹಾಯಿಸುತ್ತಿದ್ದರು, ಎರಡು ಮೂರು ಸೆಕೆಂಡು, ಅಷ್ಟೇ. ಆದರೆ ಒಂದು ಹಾಳೆಯ ಮುಂದೆ ಮಾತ್ರ ಹೆಜ್ಜೆ ನಿಧಾನವಾಗುತ್ತಿತ್ತು. ಮೇಲೆ ದಪ್ಪಕ್ಷರದಲ್ಲಿ ‘ಬೆಕ್ಕು ಕಾಣೆಯಾಗಿದೆ’, ನಡುವೆ ಬೆಕ್ಕಿನ ಫೋಟೊ, ಕೆಳಗೆ ಫೋನ್ ನಂಬರ್. ಬೇರೇನೂ ಇಲ್ಲ. ಅದನ್ನು ಅಂಟಿಸಿದವರಿಗೆ ಬೇಕಾಗಿದ್ದದ್ದು ಒಂದೇ: ಆ ಬೆಕ್ಕನ್ನು ಕಂಡವರು ಫೋನ್ ಮಾಡಬೇಕು. ಹಾಗಾಗಿ ಆ ಒಂದು ಮಾತನ್ನು ಬಿಟ್ಟು ಇನ್ನೊಂದನ್ನು ಬರೆದಿರಲಿಲ್ಲ.

ಅದರ ಪಕ್ಕದಲ್ಲೇ ಇದ್ದ ನನ್ನ ಹಾಳೆಯಲ್ಲಿ ಮೊದಲು ನನ್ನ ಹೆಸರು, ಅದರ ಕೆಳಗೆ ‘ಗುಣಮಟ್ಟದ ಸೇವೆ, ನುರಿತ ಕೆಲಸ’, ಆಮೇಲೆ ಹದಿನಾಲ್ಕು ಬಗೆಯ ರಿಪೇರಿಗಳ ಪಟ್ಟಿ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಗುಣಮಟ್ಟ ಅಂತ ಎಲ್ಲರೂ ಬರೆಯುತ್ತಾರೆ. ಹದಿನಾಲ್ಕು ಸಾಲನ್ನು ನಡೆಯುತ್ತಾ ಓದುವವರು ಯಾರು?

ಅವತ್ತೇ ರಾತ್ರಿ ಕೂತು ಬೇರೆ ಬರೆದೆ. ತಲೆಬರಹ: ‘ಸೈಕಲ್ ಬ್ರೇಕ್ ಹಿಡೀತಿಲ್ವಾ?’ ಅದರ ಕೆಳಗೆ: ‘ನಿಮ್ಮ ಮನೆಗೇ ಬಂದು ಸರಿ ಮಾಡಿಕೊಡುತ್ತೇನೆ.’ ಆಮೇಲೆ ಸಣ್ಣದಾಗಿ ಪಂಕ್ಚರ್, ಚೈನ್, ಗೇರ್ ಕೆಲಸವೂ ಉಂಟು ಅಂತ ಒಂದು ಸಾಲು, ನಾನು ಸಿಗುವ ಹೊತ್ತು, ನಂಬರ್. ಬ್ರೇಕನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಸೈಕಲ್ ಇರುವ ಮನೆಯಲ್ಲಿ ‘ಮಾಡಿಸಬೇಕು, ಮಾಡಿಸಬೇಕು’ ಅಂತ ಮುಂದೂಡುತ್ತಲೇ ಇರುವ ಕೆಲಸ ಅದು. ಮಗು ಓಡಿಸುವ ಸೈಕಲ್ ಆದರೆ ಮನಸ್ಸಿನಲ್ಲಿ ಅಳುಕು ಇದ್ದೇ ಇರುತ್ತದೆ. ಓದಿದವರಿಗೆ ‘ಅಯ್ಯೋ, ನಮ್ಮದೇ’ ಅನಿಸಬೇಕು. ಅನಿಸಿದರೆ ಉಳಿದ ಸಾಲನ್ನು ಅವರಾಗಿಯೇ ಓದುತ್ತಾರೆ.

ಅಕ್ಷರದ ಗಾತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ತುಂಬಾ ಜನ ಎಡವುವುದು ಇಲ್ಲೇ. ಬೋರ್ಡ್ ಬರೆಯುವವರಲ್ಲಿ ಒಂದು ಲೆಕ್ಕ ಇದೆ: 10 ಅಡಿ ದೂರದಿಂದ ಆರಾಮಾಗಿ ಓದಬೇಕಾದರೆ ಅಕ್ಷರ 1 ಇಂಚು ಎತ್ತರ ಇರಬೇಕು. ಕಂಪ್ಯೂಟರಿನಲ್ಲಿ 72 ಪಾಯಿಂಟ್ ಅಂದರೆ 1 ಇಂಚು ತಾನೇ ಅಂತ ನಾನೂ 72 ಇಟ್ಟಿದ್ದೆ. ಮುದ್ರಿಸಿ ಸ್ಕೇಲ್ ಇಟ್ಟು ನೋಡಿದರೆ ‘ಕ’ ಅಕ್ಷರ ಒಂದು ಇಂಚಿನ ಹತ್ತಿರಕ್ಕೂ ಬಂದಿರಲಿಲ್ಲ. ಆ ಪಾಯಿಂಟ್ ಲೆಕ್ಕದಲ್ಲಿ ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಬಿಟ್ಟ ಜಾಗ ಸೇರಿರುತ್ತದೆ. ಅದಕ್ಕೇ ಪರದೆ ಮೇಲಿನ ಸಂಖ್ಯೆಯನ್ನು ನಂಬಬೇಡಿ. ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ, ಹತ್ತು ಅಡಿ ಹಿಂದೆ ಹೋಗಿ ನಿಂತು ನೋಡಿ.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ಮೊದಲ ಸಲ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದ್ದೆ. ‘ಹಿಡೀತಿಲ್ವಾ’ದ ವ-ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗುಲಿ, ದೂರದಿಂದ ಎರಡೂ ಸೇರಿ ಒಂದು ಕಪ್ಪು ಗಂಟಿನ ಹಾಗೆ ಕಾಣುತ್ತಿತ್ತು. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟ ಮೇಲೆ ಸರಿಹೋಯಿತು. ತೆಳ್ಳನೆಯ, ಬಳುಕುವ ಫಾಂಟೂ ಬೇಡ. ದೂರದಿಂದ ‘ಪ’ ಯಾವುದು, ‘ಷ’ ಯಾವುದು ಗೊತ್ತಾಗುವುದಿಲ್ಲ.

ಬಣ್ಣದ ಮುದ್ರಣಕ್ಕೆ ಖರ್ಚು ಮಾಡಬೇಕಿಲ್ಲ. ಹಳದಿ ಹಾಳೆ, ಕಪ್ಪು ಅಕ್ಷರ. ಬೋರ್ಡ್ ತುಂಬಾ ಬಿಳಿ ಹಾಳೆಗಳಿದ್ದಾಗ ಅದೊಂದೇ ಎದ್ದು ಕಾಣುತ್ತದೆ. ಬೋರ್ಡೇ ಹಳದಿ ಹಾಳೆಗಳಿಂದ ತುಂಬಿದ್ದರೆ ನಾನು ಬಿಳಿಯನ್ನೇ ಹಾಕುತ್ತೇನೆ.

ಇನ್ನು ಚೀಟಿಗಳು. ಹಾಳೆಯ ಕೆಳಗೆ ಬಾಚಣಿಗೆ ಹಲ್ಲಿನ ಹಾಗೆ ಕತ್ತರಿಸಿ ಬಿಡುತ್ತೇವಲ್ಲ, ಅವು. ನನ್ನ ಅನುಭವದಲ್ಲಿ ಅರ್ಧ ಕೆಲಸ ಮಾಡುವುದು ಅವೇ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಮೊದಲು ಹತ್ತು ಚೀಟಿ ಮಾಡಿದ್ದೆ. ಒಂದೊಂದೂ 2.1 ಸೆಂಟಿಮೀಟರ್ ಅಷ್ಟೇ ಅಗಲ, ನಂಬರ್ ಬಿಟ್ಟು ಬೇರೇನೂ ಹಿಡಿಸಲಿಲ್ಲ. ಅದೇ ದೊಡ್ಡ ತಪ್ಪಾಯಿತು. ಬೋರ್ಡಿನ ಮುಂದೆ ನಿಂತಾಗ ಆ ನಂಬರ್ ಯಾರದು ಅಂತ ಗೊತ್ತಿರುತ್ತದೆ. ನಾಲ್ಕು ದಿನ ಬಿಟ್ಟು ಜೇಬಿನಿಂದ ತೆಗೆದಾಗ ಅದು ಬರೀ ಒಂದು ನಂಬರ್, ಅಲ್ವಾ? ಈಗ ಎಂಟೇ ಚೀಟಿ. ಪ್ರತಿಯೊಂದರ ಮೇಲೂ ‘ಸೈಕಲ್ ರಿಪೇರಿ, ಮನೆಗೇ ಬರುತ್ತೇನೆ’ ಅಂತ ಬರೆದು ಅದರ ಕೆಳಗೆ ನಂಬರ್ ಇಡುತ್ತೇನೆ. ಕತ್ತರಿ ಹಾಕುವಾಗ ಬುಡದ ತನಕ ಕತ್ತರಿಸಿ, ಬುಡದಲ್ಲಿ ಒಂದು ಸಲ ಮಡಚಿ ಬಿಡಿಸುತ್ತೇನೆ. ಆಗ ಒಂದೇ ಕೈಯಲ್ಲಿ ಹರಿಯಬಹುದು. ಇನ್ನೊಂದು ಕೈಯಲ್ಲಿ ಚೀಲ ಇರುತ್ತದೆ, ಇಲ್ಲವೇ ಮಗುವಿನ ಕೈ. ಹಾಳೆ ಹಾಕಿದ ಕೂಡಲೇ ಒಂದು ಚೀಟಿಯನ್ನು ನಾನೇ ಹರಿದು ಆ ಬೋರ್ಡ್ ನೋಡಿಕೊಳ್ಳುವವರ ಕೈಗೆ ಕೊಡುತ್ತೇನೆ. ಯಾರಾದರೂ ಕೇಳಿದರೆ ಅವರೂ ಹೇಳುತ್ತಾರೆ. ಮೊದಲನೆಯದನ್ನು ಹರಿಯಲು ಜನ ಹಿಂಜರಿಯುವುದೂ ತಪ್ಪುತ್ತದೆ.

ಚೀಟಿಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಇರುತ್ತದೆ. ಲೈಬ್ರರಿಗೆ ‘ಲ’, ಪಾರ್ಕಿಗೆ ‘ಪ’. ಫೋನ್ ಬಂದಾಗ ‘ಚೀಟಿಯಲ್ಲಿ ಯಾವ ಅಕ್ಷರ ಇದೆ?’ ಅಂತ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಲಿಫ್ಟ್ ಪಕ್ಕದ ಬೋರ್ಡಿನಿಂದ ಬಂದಷ್ಟು ಕರೆ ಬೇರೆಲ್ಲಿಂದಲೂ ಬಂದಿಲ್ಲ. ಅಲ್ಲಿ ಜನ ಲಿಫ್ಟಿಗೆ ಕಾಯುತ್ತಾ ನಿಂತಿರುತ್ತಾರೆ, ಓದಲು ಪುರುಸೊತ್ತು ಇರುತ್ತದೆ. ದೊಡ್ಡ ಗೇಟಿನ ಬೋರ್ಡನ್ನು ಸಾವಿರ ಜನ ದಾಟಿದರೂ ಅಲ್ಲಿ ನಿಲ್ಲುವವರಿಲ್ಲ.

ಕ್ಯೂಆರ್ ಕೋಡ್ ಕೂಡ ಹಾಕಿ ನೋಡಿದ್ದೇನೆ. ಕೈಯಳತೆಯಲ್ಲಿ ಸ್ಕ್ಯಾನ್ ಮಾಡಲು ಎರಡೂವರೆ ಸೆಂಟಿಮೀಟರ್ ಇದ್ದರೆ ಸಾಕು, ಸುತ್ತ ಖಾಲಿ ಜಾಗ ಬಿಡಲೇಬೇಕು. ಆದರೆ ‘ಇದನ್ನು ಸ್ಕ್ಯಾನ್ ಮಾಡಿದರೆ ಏನು ಸಿಗುತ್ತದೆ’ ಅಂತ ಪಕ್ಕದಲ್ಲಿ ಬರೆಯುವ ತನಕ ಯಾರೂ ಮುಟ್ಟಲಿಲ್ಲ. ಕೋಡ್ ಹಾಕಿದರೂ ಹಾಳೆಯ ಕೆಳಗೆ ಚೀಟಿ ಬಿಡುವುದನ್ನಂತೂ ನಾನು ನಿಲ್ಲಿಸಿಲ್ಲ.

ಹಾಳೆ ಹಾಕಿ ಬಂದರೆ ಮುಗಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಸುತ್ತು ಹೋಗುತ್ತೇನೆ. ಮೇಲೆ ಇನ್ನೊಂದು ಹಾಳೆ ಬಂದಿರುತ್ತದೆ, ಬಿಸಿಲಿಗೆ ಬಣ್ಣ ಹೋಗಿರುತ್ತದೆ, ಒಂದು ಮೂಲೆ ಮಡಚಿಕೊಂಡಿರುತ್ತದೆ. ನಾಲ್ಕು ಪಿನ್ ಯಾವಾಗಲೂ ಜೇಬಿನಲ್ಲಿರುತ್ತವೆ, ಬೇರೆಯವರ ಪಿನ್ ಕೀಳುವುದಿಲ್ಲ, ಬೇರೆಯವರ ಹಾಳೆ ಮುಚ್ಚುವುದಿಲ್ಲ. ಹಾಳೆ ಹಾಕಿದ ತಾರೀಕನ್ನು ಅದರ ಮೂಲೆಯಲ್ಲಿ ಬರೆಯುತ್ತೇನೆ. ಹಳೆಯದನ್ನು ನಾನೇ ತೆಗೆಯುತ್ತೇನೆ ಅಂತ ಗೊತ್ತಾದ ಮೇಲೆ ಬೋರ್ಡ್ ನೋಡಿಕೊಳ್ಳುವವರು ಒಳ್ಳೆಯ ಜಾಗವನ್ನೇ ಕೊಡುತ್ತಾರೆ, ಕಣ್ಣಿನ ಮಟ್ಟಕ್ಕೆ.

ಕಳೆದ ತಿಂಗಳು ಒಬ್ಬ ತಾಯಿ ಫೋನ್ ಮಾಡಿದರು. ಚೀಟಿ ಎಂಟು ತಿಂಗಳಿಂದ ಪರ್ಸಿನಲ್ಲೇ ಇತ್ತಂತೆ. ಹೋದಾಗ ತೆಗೆದು ತೋರಿಸಿದರು. ಮಡಿಕೆ ಬಿದ್ದ ಕಡೆ ನಂಬರಿನ ಒಂದು ಅಂಕಿ ಅರ್ಧ ಅಳಿಸಿ, ‘8’ ಇದ್ದದ್ದು ‘3’ರ ಹಾಗೆ ಕಾಣುತ್ತಿತ್ತು. ಎರಡು ಸಲ ಬೇರೆ ಯಾರಿಗೋ ಫೋನ್ ಹೋಗಿ, ಮೂರನೇ ಸಲ ನನಗೆ ಸಿಕ್ಕಿತ್ತು. ಆ ವಾರದಿಂದ ಚೀಟಿಯಲ್ಲಿ ನಂಬರನ್ನು ಎರಡು ಸಾಲಿನಲ್ಲಿ, ಐದೈದು ಅಂಕಿಯಾಗಿ, ಇನ್ನೂ ದಪ್ಪಕ್ಕೆ ಮುದ್ರಿಸುತ್ತಿದ್ದೇನೆ.