ತಲೆ ತಣ್ಣಗಿರುವಾಗಲೇ ಮಾಡಿಟ್ಟುಕೊಳ್ಳಿ

ನನಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ, ಶುರುವಾಗಿ ಹನ್ನೊಂದು ವರ್ಷ. ಮನಸ್ಸು ಏರಿದಾಗ ಮೊದಲು ಹೋಗುವುದು ನಿದ್ದೆ, ಆಮೇಲೆ ದುಡ್ಡು, ಕೊನೆಗೆ ಹೆದರಿಕೆ. ಅಂಥದ್ದೇ ಒಂದು ವಾರ, ಲಾಡ್ಜಿನಲ್ಲಿ, ಹೆಸರೂ ಗೊತ್ತಿಲ್ಲದವರ ಜೊತೆ ಕಾಂಡೋಮ್ ಇಲ್ಲದೆ ಮಲಗಿದ್ದೆ. ಎಚ್‌ಐವಿ ಹೇಗೆ ಬರುತ್ತದೆ ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಅದು ಕೆಲಸಕ್ಕೆ ಬರಲಿಲ್ಲ, ಅಷ್ಟೇ. ಈಗ ಆರಾಮಾಗಿರುವಾಗಲೇ ಸಿದ್ಧತೆ ಮಾಡಿಕೊಳ್ಳುತ್ತೇನೆ.

ಕಾಂಡೋಮನ್ನು ಮಾತ್ರೆ ಡಬ್ಬಿಯ ಪಕ್ಕದಲ್ಲೇ ಇಡುತ್ತೇನೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ಪುಕ್ಕಟೆ ಸಿಗುತ್ತದೆ. ಪ್ಯಾಂಟಿನ ಪರ್ಸಿನಲ್ಲಿ ಇಟ್ಟರೆ ಬಿಸಿಗೆ ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಸವರಲೇಬೇಡಿ, ರಬ್ಬರ್ ಹರಿಯುತ್ತದೆ.

ಅಕ್ಕನಿಗೆ ಹೇಳಿಟ್ಟಿದ್ದೇನೆ: ‘ನಾನು ಎರಡು ರಾತ್ರಿ ಮಲಗದಿದ್ದರೆ ಎಟಿಎಂ ಕಾರ್ಡ್ ಇಸ್ಕೊ, ಡಾಕ್ಟರಿಗೆ ಫೋನ್ ಮಾಡು.’ ಯಾಕೆ ಅಂತ ಪೂರ್ತಿ ಬಿಡಿಸಿ ಹೇಳಿಲ್ಲ. ಅಕ್ಕನ ಹತ್ತಿರ ಇದನ್ನೆಲ್ಲ ಹೇಗೆ ಹೇಳೋದು, ಅಲ್ವಾ?

ಇಷ್ಟಾದರೂ ತಪ್ಪು ನಡೆದರೆ, ಅಥವಾ ಯಾರಾದರೂ ಬಲವಂತ ಮಾಡಿದ್ದರೆ, ಗಡಿಯಾರ ನೋಡಿ. ಎಚ್‌ಐವಿ ಅಂಟದಂತೆ ತಡೆಯುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ನುಂಗಬೇಕು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಜಿಲ್ಲಾಸ್ಪತ್ರೆಯ ಎಮರ್ಜೆನ್ಸಿಯಲ್ಲೋ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲೋ ‘ಪೆಪ್ ಬೇಕು’ ಅಂತಲೇ ಕೇಳಿ. ಸಿಗದಿದ್ದರೆ ಖಾಸಗಿ ಡಾಕ್ಟರ ಬಳಿ ಓಡಿ. ನಾನು ಹೋಗಿದ್ದು ಇಪ್ಪತ್ತನೇ ದಿನ. ಪೆಪ್ ಕಾಲ ಮುಗಿದೇ ಹೋಗಿತ್ತು.

ಪೆಪ್ ಕೊಡುವ ಡಾಕ್ಟರಿಗೆ ಮಾನಸಿಕ ಮಾತ್ರೆಗಳ ಚೀಟಿ ತೋರಿಸಿ. ಬೈಪೋಲಾರ್‌ಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ತಗೊಳ್ಳುವವರಲ್ಲಿ ಪೆಪ್‌ನ ಡೋಲುಟೆಗ್ರಾವಿರ್ ಅನ್ನೋ ಔಷಧಿ ರಕ್ತದಲ್ಲಿ ಕಮ್ಮಿಯಾಗುತ್ತದೆ, ಡಾಕ್ಟರು ಡೋಸ್ ಹೆಚ್ಚಿಸಬೇಕಾಗುತ್ತದೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಇಪ್ಪತ್ತನೇ ದಿನ ಎಚ್‌ಐವಿ ಪರೀಕ್ಷೆಗೆ ಹೋದಾಗ ನನ್ನ ಚೀಟಿ ನೋಡಿದ ಅಲ್ಲಿನ ಒಬ್ಬರು, ‘ಮನೆಯವರನ್ನ ಕರ್ಕೊಂಡು ಬನ್ನಿ’ ಅಂದರು. ಮುಖ ಸುಟ್ಟಂತಾಯಿತು. ಪರೀಕ್ಷೆಗೆ ಒಪ್ಪಿಗೆ ಕೊಡಬೇಕಾದವನು ನಾನು. ಫಲಿತಾಂಶವನ್ನು ನನ್ನ ಒಪ್ಪಿಗೆಯಿಲ್ಲದೆ ಸುಮ್ನೆ ಮನೆಯವರಿಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ. ಬೇರೆ ಕೇಂದ್ರಕ್ಕೆ ಹೋದೆ. ನೆಗೆಟಿವ್ ಬಂತು. ಆದರೆ ಅಷ್ಟು ಬೇಗ ಬಂದ ನೆಗೆಟಿವನ್ನು ಪೂರ್ತಿ ನಂಬುವಂತಿಲ್ಲ. ಮೂರು ತಿಂಗಳಿಗೆ ಮತ್ತೆ ಮಾಡಿಸಿದೆ. ಅಲ್ಲಿಯವರೆಗೆ ಪ್ರತಿ ಬಾರಿಯೂ ಕಾಂಡೋಮ್.

ಫೋನ್ ಕವರಿನೊಳಗೆ ಈಗ ಒಂದು ಚೀಟಿ ಇದೆ: ನನ್ನ ಮಾತ್ರೆಗಳ ಹೆಸರು, ಅಕ್ಕನ ನಂಬರು, 1097 ಉಚಿತ ಎಚ್‌ಐವಿ ಸಹಾಯವಾಣಿ, ‘72 ಗಂಟೆ’. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಆ ಹೊತ್ತಿನಲ್ಲಿ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ.