ಆಲೆಮನೆಯ ಒಲೆ, ಕೈಗಾದ ಕೆಂಡ

ಮಂಡ್ಯ ಜಿಲ್ಲೆಯ ಪದವಿಪೂರ್ವ ಕಾಲೇಜುಗಳಲ್ಲಿ ನಾನು ಇಪ್ಪತ್ತೆಂಟು ವರ್ಷಗಳಿಂದ ಭೌತವಿಜ್ಞಾನ ಕಲಿಸುತ್ತಿದ್ದೇನೆ. ದ್ವಿತೀಯ ಪಿಯುಸಿಯ ನ್ಯೂಕ್ಲಿಯಸ್ ಅಧ್ಯಾಯವನ್ನು ಮೊದಲ ಹತ್ತು ಹನ್ನೆರಡು ವರ್ಷ ಕಪ್ಪುಹಲಗೆಯ ಮೇಲೆಯೇ ಮುಗಿಸುತ್ತಿದ್ದೆ. ಯುರೇನಿಯಂ-235ರ ನ್ಯೂಕ್ಲಿಯಸ್ಸಿಗೆ ನ್ಯೂಟ್ರಾನ್ ಬಡಿದಾಗ ಅದು ಎರಡು ಹೋಳಾಗುತ್ತದೆ, ಎರಡೋ ಮೂರೋ ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ, ಸುಮಾರು 200 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಬಿಡುಗಡೆಯಾಗುತ್ತದೆ ಎಂದು ಸಮೀಕರಣ ಬರೆದು, ರಿಯಾಕ್ಟರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದರೆ ಪರೀಕ್ಷೆಗೆ ಬೇಕಾದದ್ದೆಲ್ಲ ಸಿಕ್ಕಿಬಿಡುತ್ತಿತ್ತು. ಮಕ್ಕಳಿಗೆ ಅಂಕವೂ ಬರುತ್ತಿತ್ತು. ಅರ್ಥವಾಗಿದೆಯೇ ಎಂದು ನಾನು ಕೇಳಲೇ ಇಲ್ಲ.

ಒಂದು ವರ್ಷ ಪಾಠ ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಪರಮಾಣು ಒಡೆದಾಗ ಕರೆಂಟು ಯಾವ ತಂತಿಯಲ್ಲಿ ಆಚೆ ಬರುತ್ತೆ?" ಎಂದು ಕೇಳಿದಳು. ತರಗತಿಯಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ. ಪರಮಾಣುವಿನೊಳಗೇ ವಿದ್ಯುತ್ತು ತುಂಬಿಕೊಂಡಿದೆ, ಒಡೆದರೆ ಸುರಿಯುತ್ತದೆ ಎಂದು ಅವರು ತಿಳಿದಿದ್ದರು. ನನ್ನ ಚಿತ್ರದಲ್ಲಿ ಟರ್ಬೈನ್, ಜನರೇಟರ್ ಎರಡೂ ಇದ್ದವು. ಆದರೆ ಉಗಿಯಿಂದ ತಿರುಗುವ ಚಕ್ರವನ್ನು ಮಕ್ಕಳು ಕಣ್ಣಾರೆ ಕಂಡಿರಲಿಲ್ಲವಾದ್ದರಿಂದ ಅವು ಅವರಿಗೆ ಬರೀ ಪೆಟ್ಟಿಗೆಗಳಾಗಿದ್ದವು.

ಅಂದಿನಿಂದ ಪಾಠದ ಕ್ರಮವನ್ನೇ ತಿರುಗಿಸಿದೆ. ಮೊದಲು ವಿದ್ಯುತ್ತು ಹುಟ್ಟುವ ಜಾಗ, ಆಮೇಲೆ ಅಲ್ಲಿಂದ ಹಿಂದಕ್ಕೆ ಹೋಗಿ ಯುರೇನಿಯಂ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಚಕ್ರ ತಿರುಗಿಸಿದ್ದರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದವು. ಅಲ್ಲಿ ಚಕ್ರ ತಿರುಗಿಸುವುದು ಬೀಳುವ ನೀರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಬಾಯ್ಲರಿನಲ್ಲಿ ಉಗಿ ಎಬ್ಬಿಸಿ, ಆ ಉಗಿಯಿಂದ ಚಕ್ರ ತಿರುಗಿಸುತ್ತಾರೆ. ರಾಯಚೂರಿನಲ್ಲಿ ಸಿಪ್ಪೆಯ ಬದಲು ಕಲ್ಲಿದ್ದಲು ಉರಿಯುತ್ತದೆ. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಏನೂ ಉರಿಯುವುದಿಲ್ಲ. ಯುರೇನಿಯಂ ನ್ಯೂಕ್ಲಿಯಸ್‌ಗಳು ಒಡೆದು ಹಾರುವ ಹೋಳುಗಳು ಸುತ್ತಲಿನ ವಸ್ತುವಿಗೆ ಬಡಿದು ನಿಲ್ಲುವಾಗ ಅದು ಬಿಸಿಯಾಗುತ್ತದೆ, ಆ ಬಿಸಿಯನ್ನು ಭಾರಜಲ (ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು) ಹೊತ್ತು ತಂದು ಉಗಿ ಮಾಡುವ ಪಾತ್ರೆಗೆ ಕೊಡುತ್ತದೆ. ಉಗಿ ಹುಟ್ಟಿದ ಮೇಲಿನ ಕೆಲಸ ಸಕ್ಕರೆ ಕಾರ್ಖಾನೆಯದೇ. ಇಷ್ಟನ್ನು ಹೇಳಿದ ಮೇಲೆ ಆ ಹುಡುಗಿಯ ಪ್ರಶ್ನೆ ಮತ್ತೆ ಯಾವ ವರ್ಷವೂ ಬರಲಿಲ್ಲ.

ಎರಡನೆಯ ದಿನ ಲೆಕ್ಕ. ಕೈಗಾದ 220 ಮೆಗಾವಾಟ್ ರಿಯಾಕ್ಟರುಗಳಿಗೆ ಹಾಕುವ ಇಂಧನದ ಕಟ್ಟು ಅರ್ಧ ಮೀಟರಿನಷ್ಟು ಉದ್ದವಿರುತ್ತದೆ. 19 ಕೊಳವೆಗಳನ್ನು ಸೇರಿಸಿ ಕಟ್ಟಿದ್ದು, ಒಳಗೆ ಸುಮಾರು 15 ಕೆ.ಜಿ. ಯುರೇನಿಯಂ ಡೈಆಕ್ಸೈಡ್. ನಾನು ಅಷ್ಟೇ ಉದ್ದದ ಹತ್ತೊಂಬತ್ತು ಪಿವಿಸಿ ಕೊಳವೆಗಳನ್ನು ಕಟ್ಟಿ ಒಂದು ಮಾದರಿ ಮಾಡಿಕೊಂಡಿದ್ದೇನೆ. ಅದನ್ನು ಮಕ್ಕಳ ಕೈಗೆ ಕೊಟ್ಟು, ಇದರಿಂದ ಎಷ್ಟು ಯೂನಿಟ್ ವಿದ್ಯುತ್ತು ಬರಬಹುದು ಎಂದು ಊಹಿಸಲು ಹೇಳುತ್ತೇನೆ. ಈ ಬಗೆಯ ರಿಯಾಕ್ಟರಿನಲ್ಲಿ ಒಂದು ಟನ್ ಯುರೇನಿಯಂ ಸುಮಾರು 6,700 ಮೆಗಾವಾಟ್-ದಿನದಷ್ಟು ಶಾಖ ಕೊಡುತ್ತದೆ; ಒಂದು ಮೆಗಾವಾಟ್-ದಿನ ಎಂದರೆ 24,000 ಯೂನಿಟ್. ಆಮ್ಲಜನಕದ ತೂಕ ಕಳೆದು ಕಟ್ಟಿನಲ್ಲಿ ಉಳಿಯುವ 13 ಕೆ.ಜಿ. ಯುರೇನಿಯಂಗೆ ಅದನ್ನು ಇಳಿಸಿ, ಶಾಖದಲ್ಲಿ ಶೇಕಡ 30ರಷ್ಟು ಮಾತ್ರ ವಿದ್ಯುತ್ತಾಗುತ್ತದೆಂದು ಹಿಡಿದರೆ ಹತ್ತಿರ ಹತ್ತಿರ 6 ಲಕ್ಷ ಯೂನಿಟ್ ಬರುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಐನೂರು ಮನೆಗಳ ಹಳ್ಳಿಗೆ ಇದು ಒಂದು ವರ್ಷದ ವಿದ್ಯುತ್ತು. ಇಷ್ಟನ್ನೇ ಕಲ್ಲಿದ್ದಲಿನಿಂದ ತೆಗೆಯಲು ನಾಲ್ಕುನೂರು ಟನ್ನಿಗೂ ಮಿಕ್ಕಿ, ಎಂದರೆ ಹತ್ತು ಟನ್ನಿನ ನಲವತ್ತು ಲಾರಿ ಕಲ್ಲಿದ್ದಲು ಬೇಕು. ಕಬ್ಬಿನ ಲಾರಿಗಳ ಸಾಲನ್ನು ಕಾರ್ಖಾನೆಯ ಮುಂದೆ ದಿನವೂ ನೋಡುವ ಮಕ್ಕಳಿಗೆ ನಲವತ್ತು ಲಾರಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಕೊಳವೆಯ ಕಟ್ಟನ್ನು ಹಿಡಿದುಕೊಂಡ ಹುಡುಗ ಅದನ್ನು ಮೆಲ್ಲಗೆ ಮೇಜಿನ ಮೇಲಿಡುತ್ತಾನೆ.

ಇಷ್ಟರಮಟ್ಟಿಗೆ ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅದರಲ್ಲಿ ದೊಡ್ಡದೊಂದು ತಪ್ಪು ಉಳಿದುಕೊಂಡಿತ್ತು, ಅದು ನನ್ನದೇ. ಅಪಾಯದ ಮಾತು ಬಂದಾಗಲೆಲ್ಲ, ನ್ಯೂಟ್ರಾನುಗಳನ್ನು ಹೀರುವ ನಿಯಂತ್ರಣ ಸರಳುಗಳನ್ನು ಇಳಿಸಿದರೆ ಎರಡು ಮೂರು ಸೆಕೆಂಡಿನಲ್ಲಿ, ಒಂದು ಒಡೆದು ಇನ್ನೊಂದನ್ನು ಒಡೆಯುವ ಸರಪಳಿ ಕ್ರಿಯೆ ನಿಲ್ಲುತ್ತದೆ, ಸ್ವಿಚ್ ಆರಿಸಿದಂತೆ ರಿಯಾಕ್ಟರ್ ಆರುತ್ತದೆ ಎಂದು ಹೇಳುತ್ತಿದ್ದೆ. ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ ರೈತರ ಮುಂದೆಯೂ ಇದೇ ಮಾತನ್ನು ಧೈರ್ಯವಾಗಿ ಆಡಿದ್ದೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾಯಿತು. ಫುಕುಶಿಮಾದಲ್ಲಿ ಓಡುತ್ತಿದ್ದ ಮೂರು ರಿಯಾಕ್ಟರುಗಳೂ ತಾವಾಗಿಯೇ ನಿಂತವು. ಸುಮಾರು ಮುಕ್ಕಾಲು ಗಂಟೆಯ ನಂತರ ಬಂದ ಸುನಾಮಿಯ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ನೀರು ಹರಿಸುವ ಪಂಪುಗಳು ನಿಂತವು, ಮೂರರ ಇಂಧನವೂ ಕರಗಿತು. ವಾರ ಕಳೆಯುವುದರೊಳಗೆ ಆ ಹಳ್ಳಿಯ ಹಿರಿಯರೊಬ್ಬರು ಮಂಡ್ಯದ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಮೇಷ್ಟ್ರೇ, ಆರಿಸಿದ್ ಮೇಲೆ ಆರೋಯ್ತದೆ ಅಂದಿದ್ರಿ. ಅಲ್ಲಿ ಆರಿಸಿದ್ ಮೇಲೆ ತಾನೆ ಕರಗಿದ್ದು?" ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿತ್ತು. ನಾನು ಅರ್ಧ ಸತ್ಯ ಹೇಳಿದ್ದೆನೆಂದು ಅಲ್ಲಿಯೇ ಒಪ್ಪಿಕೊಂಡೆ.

ಉಳಿದರ್ಧ ಸತ್ಯ ಇದು. ನ್ಯೂಕ್ಲಿಯಸ್ ಒಡೆದಾಗ ಹುಟ್ಟುವ ಹೋಳುಗಳು ತಾವೇ ವಿಕಿರಣಶೀಲವಾಗಿರುತ್ತವೆ. ಸರಪಳಿ ಕ್ರಿಯೆ ನಿಂತರೂ ಅವು ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ. ರಿಯಾಕ್ಟರ್ ನಿಂತ ಗಳಿಗೆಯಲ್ಲಿ ಈ ಶಾಖ ಪೂರ್ಣ ಶಕ್ತಿಯ ಶೇಕಡ 6ರಿಂದ 7ರಷ್ಟು, ಒಂದು ಗಂಟೆಯ ನಂತರ ಶೇಕಡ ಒಂದೂವರೆ, ಒಂದು ದಿನದ ನಂತರ ಶೇಕಡ ಅರ್ಧದಷ್ಟು. ಕಾಗದದ ಮೇಲೆ ಚಿಕ್ಕ ಸಂಖ್ಯೆಗಳು. ಕೈಗಾದ ಒಂದು ರಿಯಾಕ್ಟರಿನ ಪೂರ್ಣ ಶಾಖವನ್ನು 750 ಮೆಗಾವಾಟ್ ಎಂದು ಹಿಡಿದು ಲೆಕ್ಕ ಹಾಕಿಸಿದಾಗ ಮಕ್ಕಳು ಗಂಭೀರರಾಗುತ್ತಾರೆ. ನಿಲ್ಲಿಸಿ ಒಂದು ದಿನವಾದ ಮೇಲೂ ಅದು ಗಂಟೆಗೆ ಸುಮಾರು ಆರು ಸಾವಿರ ಲೀಟರ್ ನೀರನ್ನು ಕುದಿಸಿ ಆವಿ ಮಾಡಬಲ್ಲದು. ಬೇಸಿಗೆಯಲ್ಲಿ ಬಡಾವಣೆಗೆ ಬರುವ ಒಂದು ಟ್ಯಾಂಕರ್ ನೀರು, ಗಂಟೆಗೊಂದರಂತೆ, ಹಗಲೂ ರಾತ್ರಿ.

ಇದನ್ನು ಕಣ್ಣಿಗೆ ಕಾಣಿಸುವ ದಾರಿ ಹುಡುಕುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ತಂದೆ ನಡೆಸುತ್ತಿದ್ದ ಆಲೆಮನೆಗೆ ಹೋದೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಮರಳುತ್ತಿತ್ತು. ಪಾಕ ಹದಕ್ಕೆ ಬರುವ ಹೊತ್ತಿಗೆ ಒಲೆಗೆ ಸಿಪ್ಪೆ ತುಂಬುವವನು ಕೈ ನಿಲ್ಲಿಸಿದ. ಜ್ವಾಲೆ ತಗ್ಗಿತು. ಆದರೂ ಪಾಕ ಕೊತಕೊತನೆ ಕುದಿಯುತ್ತಲೇ ಇತ್ತು, ಒಲೆಯ ಬಾಯಲ್ಲಿ ಕೆಂಡ ಕೆಂಪಗೆ ಉಸಿರಾಡುತ್ತಿತ್ತು. ಪಾಕ ಖಾಲಿ ಮಾಡಿದ ಮರುಕ್ಷಣವೇ ಒಬ್ಬಾತ ಬಿಂದಿಗೆಯಲ್ಲಿ ಹೊಸ ಹಾಲನ್ನು ಕೊಪ್ಪರಿಗೆಗೆ ಸುರಿದ. ಅಷ್ಟು ಅವಸರ ಏಕೆಂದು ಕೇಳಿದೆ. "ಬರೀ ಕೊಪ್ಪರಿಗೆನ ಕೆಂಡದ್ ಮೇಲೆ ಬಿಟ್ರೆ ತಳ ಸುಟ್ಟೋಯ್ತದೆ ಸಾ, ಹಾಲಿಲ್ದಿದ್ರೆ ನೀರಾದ್ರೂ ಉಯ್ಯಬೇಕು" ಎಂದು ಹುಡುಗನ ತಂದೆ ಹೇಳಿದರು. ಫುಕುಶಿಮಾದಲ್ಲಿ ಆದದ್ದನ್ನು ನಾನು ಓದಿದ ಯಾವ ವರದಿಯೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಅಂದಿನಿಂದ ಪ್ರತಿವರ್ಷ ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಆಲೆಮನೆಗೆ ಕರೆದೊಯ್ಯುತ್ತೇನೆ. ದಿನದ ಕೊನೆಯ ಪಾಕ ಇಳಿದು ಒಲೆ ನಿಂತ ಮೇಲೆ ಕೆಂಡದ ಮೇಲೆ ಹತ್ತು ಲೀಟರ್ ನೀರಿನ ಪಾತ್ರೆ ಇಟ್ಟು, ಎಷ್ಟು ಹೊತ್ತು ಕುದಿಯುತ್ತದೆ, ಎಷ್ಟು ನೀರು ಇಂಗುತ್ತದೆ ಎಂದು ಗಡಿಯಾರ ನೋಡಿ ಬರೆಸುತ್ತೇನೆ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಅಲ್ಲಿಯೇ ಹೇಳದಿದ್ದರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ. ಕೆಂಡಕ್ಕೆ ಗಾಳಿ ಬೇಕು. ಮಣ್ಣು ಮುಚ್ಚಿದರೆ ಆರುತ್ತದೆ, ನೀರು ಚೆಲ್ಲಿದರೆ ಆರುತ್ತದೆ. ರಿಯಾಕ್ಟರಿನ ಕೆಂಡಕ್ಕೆ ಏನೂ ಬೇಕಿಲ್ಲ, ಯಾವುದರಿಂದಲೂ ಅದು ಆರುವುದಿಲ್ಲ. ಅದರ ಶಾಖವನ್ನು ಹೊತ್ತು ಹೊರಗೆ ಹಾಕುತ್ತಲೇ ಇರಬೇಕು, ಅಷ್ಟೇ ನಮ್ಮ ಕೈಲಿರುವುದು.

ಆ ಶಾಖ ಮೊದಲು ಬೇಗ ಇಳಿದು ಆಮೇಲೆ ಏಕೆ ನಿಧಾನವಾಗುತ್ತದೆ ಎಂಬುದಕ್ಕೆ ಹುಣಸೆಬೀಜ ಸಾಕು. ಚೌಕಾಬಾರ ಆಡಲು ತೇಯುವಂತೆ ನೂರು ಬೀಜಗಳ ಒಂದು ಮಗ್ಗುಲನ್ನು ಬಿಳಿ ಕಾಣುವಂತೆ ತೇಯಿಸಿ, ನೆಲದ ಮೇಲೆ ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ತೆಗೆಯಿಸುತ್ತೇನೆ. ನೂರು ಐವತ್ತರ ಆಸುಪಾಸಿಗೆ, ಅದು ಇಪ್ಪತ್ತೈದರ ಆಸುಪಾಸಿಗೆ ಇಳಿಯುತ್ತದೆ. ವಿಕಿರಣಶೀಲ ವಸ್ತುವೂ ಹೀಗೆಯೇ ಅರ್ಧರ್ಧವಾಗಿ ಇಳಿಯುತ್ತದೆ, ಒಂದೊಂದು ವಸ್ತುವಿನ ಒಂದು ಎಸೆತಕ್ಕೆ ಒಂದೊಂದು ಕಾಲ: ಅಯೋಡಿನ್-131ಕ್ಕೆ 8 ದಿನ, ಸೀಸಿಯಂ-137ಕ್ಕೆ 30 ವರ್ಷ, ಪ್ಲುಟೋನಿಯಂ-239ಕ್ಕೆ 24,000 ವರ್ಷ. ಸೆಕೆಂಡು, ನಿಮಿಷಗಳ ಲೆಕ್ಕದವು ಮೊದಲ ದಿನವೇ ತೀರಿಹೋಗುವುದರಿಂದ ಶಾಖ ಬೇಗ ಇಳಿಯುತ್ತದೆ. ನಿಧಾನದವು ಉಳಿದು, ಬಳಸಿದ ಇಂಧನವನ್ನು ವರ್ಷಗಟ್ಟಲೆ ಕೊಳದ ನೀರಿನಲ್ಲಿ ಇಡಬೇಕಾಗುತ್ತದೆ.

ನಮ್ಮ ದೇಶದಲ್ಲಿಯೇ ನಡೆದ ಒಂದು ಘಟನೆಯನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹತ್ತಿ, ಕೇಬಲ್ಲುಗಳು ಸುಟ್ಟು, ಇಡೀ ಘಟಕಕ್ಕೆ ಸುಮಾರು 17 ಗಂಟೆ ವಿದ್ಯುತ್ತೇ ಇರಲಿಲ್ಲ. ರಿಯಾಕ್ಟರನ್ನು ನಿಲ್ಲಿಸಲಾಗಿತ್ತು, ಕೆಂಡ ಮಾತ್ರ ಒಳಗಿತ್ತು. ಅದೂ ಕೈಗಾದಂತೆಯೇ ಭಾರಜಲದ ರಿಯಾಕ್ಟರ್. ಉಗಿ ಮಾಡುವ ಪಾತ್ರೆಗಳು ಇಂಧನಕ್ಕಿಂತ ಎತ್ತರದಲ್ಲಿರುವುದರಿಂದ, ಬಿಸಿಯಾದ ಭಾರಜಲ ಪಂಪಿನ ಹಂಗಿಲ್ಲದೆ ಮೇಲೇರಿ ತಣಿದು ಕೆಳಗಿಳಿಯುತ್ತದೆ. ಒಲೆಯ ಮೇಲಿಟ್ಟ ಹಂಡೆಯ ನೀರು ತಾನಾಗಿ ಸುತ್ತುವಂತೆಯೇ ಇದು. ಆದರೆ ಮೇಲಿನ ಆ ಪಾತ್ರೆಗಳ ಹೊರಬದಿಗೆ ಯಾರಾದರೂ ನೀರು ಕೊಡುತ್ತಿರಬೇಕು. ನರೋರಾದ ಸಿಬ್ಬಂದಿ ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಅಲ್ಲಿಗೆ ನೀರು ಹಾಯಿಸಿದರು. ಇಂಧನ ಕರಗಲಿಲ್ಲ. ಕೊಪ್ಪರಿಗೆಗೆ ಬಿಂದಿಗೆಯಲ್ಲಿ ಹಾಲು ಸುರಿದವನ ಕೆಲಸವೂ ಇವರ ಕೆಲಸವೂ ನನಗೆ ಒಂದೇ ಎನ್ನಿಸುತ್ತದೆ, ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಕೆಂಡದ ಪಾಠವಾದ ಮೇಲೆ ಮಕ್ಕಳ ಪ್ರಶ್ನೆಗಳೇ ಬದಲಾದವು. ಕೈಗಾಕ್ಕೆ ಅಷ್ಟು ದೂರ ಏಕೆ, ಕೆಆರ್‌ಎಸ್ ಪಕ್ಕದಲ್ಲಿಯೇ ಕಟ್ಟಬಹುದಿತ್ತಲ್ಲ ಎಂದು ಒಬ್ಬ ಕೇಳಿದಾಗ ಇನ್ನೊಬ್ಬನೇ ಉತ್ತರಿಸಿದ: ಅಣೆಕಟ್ಟೆ 124.80 ಅಡಿ ತುಂಬಿದ ವರ್ಷ ಸರಿ, ಬರಗಾಲದ ವರ್ಷ ನಾಲೆಗೇ ನೀರಿಲ್ಲ, ರಿಯಾಕ್ಟರ್ ನಿಲ್ಲಿಸಿದರೂ ಅದಕ್ಕೆ ನೀರು ಬೇಕಲ್ಲ ಎಂದು. ಕಾಳಿ ನದಿಯ ಕದ್ರಾ ಜಲಾಶಯದ ದಡದಲ್ಲಿ ಕೈಗಾ ಇರುವುದರ ಅರ್ಥ ಅವರಿಗೆ ಆಗ ಹೊಳೆಯಿತು. ಆ ದಡ ದಟ್ಟ ಕಾಡಿನ ನಡುವೆ ಇದೆ. ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ವಿರೋಧಿಸಿದರು, 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತರು. ಇದನ್ನು ಮುಚ್ಚಿಟ್ಟು ಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ನಿಲುವನ್ನು ಮಕ್ಕಳು ಕೇಳುತ್ತಾರೆ, ಹೇಳುತ್ತೇನೆ. ಕೈಗಾದ ಒಂದನೆಯ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಮಳೆ ಬಂದರೂ ಬಾರದಿದ್ದರೂ, ಗಾಳಿ ನಿಂತರೂ, ಸೂರ್ಯ ಮುಳುಗಿದರೂ, ಹೊಗೆ ಕಾರದೆ ವಿದ್ಯುತ್ತು ಕೊಟ್ಟಿತು. ರಾತ್ರಿ ಹೊತ್ತು ಮೂರು ಫೇಸ್ ಕರೆಂಟಿಗೆ ಕಾದು, ಟಾರ್ಚ್ ಹಿಡಿದು ಹಾವು ಚೇಳುಗಳ ನಡುವೆ ಗದ್ದೆಗೆ ನೀರು ಹಾಯಿಸುವ ಅಪ್ಪಂದಿರ ಮಕ್ಕಳಿಗೆ ಈ ಮಾತಿನ ಬೆಲೆ ಗೊತ್ತು. ಇಂತಹ ವಿದ್ಯುತ್ತು ನಮಗೆ ಬೇಕು ಎಂದೇ ನಾನು ನಂಬಿದ್ದೇನೆ. ಆದರೆ ಕೆಂಡ ಕಾಯುವವರಿಗೆ ಬೇಸರ ಬರದಂತೆ, ನೀರಿನ ದಾರಿ ಒಂದಲ್ಲ ಮೂರು ಇರುವಂತೆ ನೋಡಿಕೊಳ್ಳುವ ದೇಶಕ್ಕೆ ಮಾತ್ರ ಇದನ್ನು ಕೇಳುವ ಹಕ್ಕಿದೆ.

ಈಗ ನನ್ನ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ರಿಯಾಕ್ಟರ್ ನಿಂತಿದೆ, ಹೊರಗಿನ ವಿದ್ಯುತ್ತೂ ಇಲ್ಲ, ನೀವು ಪಾಳಿಯ ಎಂಜಿನಿಯರಾಗಿದ್ದರೆ ಮೊದಲು ಏನನ್ನು ನೋಡುತ್ತೀರಿ? ಕಳೆದ ವರ್ಷ ಆಲೆಮನೆ ಮನೆತನದ ಹುಡುಗನೊಬ್ಬ ಸಮೀಕರಣವನ್ನೇ ಬರೆಯಲಿಲ್ಲ. ಪಂಪಿಗೆ ಡೀಸೆಲ್ ಎಷ್ಟಿದೆ ಎಂದು ನೋಡುತ್ತೇನೆ ಎಂದು ಮೊದಲ ಸಾಲಿನಲ್ಲಿ ಬರೆದಿದ್ದ. ಎರಡನೆಯ ಸಾಲಿನಲ್ಲಿ, ಆ ಡೀಸೆಲ್ ಡ್ರಮ್ಮುಗಳನ್ನು ನೀರು ನುಗ್ಗದಷ್ಟು ಎತ್ತರದಲ್ಲಿ ಇಟ್ಟಿದ್ದಾರೆಯೇ ಎಂದು ನನ್ನನ್ನೇ ಕೇಳಿದ್ದ.